ಮೊನಾಕೊದ ಮೂಲಂಗಿ

ಒಂದು ಪದಕ್ಕೆ ಒಂದೇ ಅರ್ಥವಿರುವ ನಾಡಿನಲ್ಲಿ ಹುಟ್ಟಿದ್ದರೆ ಉಬಾಲ್ಡೊ ಸ್ಬಾಫಿಯ ಬದುಕು ಸಲೀಸಾಗಿ ಸಾಗುತ್ತಿತ್ತು. ಆದರೆ ಅವನು ಹುಟ್ಟಿದ್ದು ಇಟಲಿಯ ಸೆರ್ರಾಪೊಂಟೆಯಲ್ಲಿ. ಅಲ್ಲಿಯ ಮಾತಿನಲ್ಲಿ ‘ಮೊನಾಕೊ’ ಎಂದರೆ ಕೋಟ್ಯಧೀಶರು ದೋಣಿ ಕಟ್ಟಿಹಾಕುವ, ಫ್ರಾನ್ಸಿಗೆ ಅಂಟಿಕೊಂಡ ಕಡಲತಡಿಯ ಪುಟ್ಟ ಸಂಸ್ಥಾನ. ‘ಮೊನಾಕೊ’ ಎಂದರೆ ಸನ್ಯಾಸಿ ಕೂಡ. ಮೂರನೆಯ ಅರ್ಥವೂ ಒಂದಿದೆ. ಅದನ್ನು ಉಬಾಲ್ಡೊ ಪ್ರಾಥಮಿಕ ಶಾಲೆಯಲ್ಲಿ ಕಲಿತು ಅಲ್ಲಿಯೇ ಬಿಟ್ಟು ಬಂದಿದ್ದ. ನೀವೂ ಅವನ ಜೊತೆಗೇ ತಿಳಿದುಕೊಂಡರೆ ನ್ಯಾಯ.

ಉಬಾಲ್ಡೊ ಬೊಲೋನ್ಯಾದ ವಿಶ್ವವಿದ್ಯಾಲಯದಲ್ಲಿ ಮೂರನೆಯ ವರ್ಷದ ವಿದ್ಯಾರ್ಥಿ. ಓದುತ್ತಿದ್ದದ್ದು, ಹೇಳಿದರೆ ನಂಬಬೇಕು, ಭೂಗೋಳ. ಈಸ್ಟರ್ ರಜೆಗೆ ಊರಿಗೆ ಬಂದವನು ವಾಡಿಕೆಯಂತೆ ಮನೆಯ ಎದುರಿಗಿದ್ದ ಕಬ್ಬಿಣದ ಸಾಮಾನಿನ ಅಂಗಡಿಗೆ ಹೋಗಿ ಒಂದು ಸ್ಕ್ರೂ ಕೇಳಿದ. ಅಂಗಡಿ ನೋಡಿಕೊಳ್ಳುತ್ತಿದ್ದವಳು ಒರ್ನೆಲ್ಲಾ. ಎರಡು ವರ್ಷಗಳಿಂದ ಅವನು ಅವಳಿಗೆ ಒಂದು ಮಾತು ಹೇಳಬೇಕೆಂದು ಹೋಗುತ್ತಿದ್ದ, ಒಂದು ಸ್ಕ್ರೂ ಕೊಂಡು ಹಿಂದಿರುಗುತ್ತಿದ್ದ. ಮನೆಯಲ್ಲಿ ಈಗ ಸಣ್ಣದೊಂದು ಹಡಗು ಜೋಡಿಸುವಷ್ಟು ಸ್ಕ್ರೂಗಳಿದ್ದವು.

“ಎಷ್ಟು ಉದ್ದದ್ದು ಬೇಕು?” ಎಂದಳು ಒರ್ನೆಲ್ಲಾ.

“ಹೋದ ಸಲದ್ದೇ. ಅದಕ್ಕೆ ಜೊತೆ ಬೇಕು ಅನ್ನಿಸ್ತು.”

ಒರ್ನೆಲ್ಲಾ ಡಬ್ಬಿ ಮುಚ್ಚಿದಳು. “ಸ್ಕ್ರೂ ಹಾಳಾಗಲಿ ಉಬಾಲ್ಡೊ. ಗ್ವಾಲ್ತಿಯೆರೊ ನನ್ನ ಮದುವೆ ಆಗ್ತೀಯಾ ಅಂತ ಕೇಳಿದಾರೆ. ಈಸ್ಟರ್ ಸೋಮವಾರ ವನಭೋಜನದಲ್ಲಿ ಉತ್ತರ ಹೇಳ್ತೀನಿ ಅಂದಿದೀನಿ. ನಿಂದೇನಾದ್ರೂ ಹೇಳೋದಿದ್ರೆ ಅಷ್ಟರೊಳಗೆ ಹೇಳ್ಬಿಡು.”

ಇದಕ್ಕಿಂತ ಅಗಲವಾಗಿ ಯಾವ ಹೆಣ್ಣೂ ಬಾಗಿಲು ತೆರೆಯಲಾರಳು. ಉಬಾಲ್ಡೊ ಬಾಯಿ ತೆರೆದ. ಅಷ್ಟರಲ್ಲಿ ಅವನ ಕಣ್ಣು ಗಲ್ಲಾಪೆಟ್ಟಿಗೆಯ ಪಕ್ಕದ ಪಿಂಗಾಣಿ ಲೋಟದ ಮೇಲೆ ಬಿತ್ತು. ಅದರ ಮೇಲೆ ಕಪ್ಪು ಹಳದಿ ಅಂಗಿ ತೊಟ್ಟ, ಟೊಪ್ಪಿಗೆ ಮುಸುಕಿನ ಒಂದು ಪುಟ್ಟ ಆಕೃತಿ. ಒಂದು ಕೈಯಲ್ಲಿ ಹೂಜಿ, ಇನ್ನೊಂದು ಕೈಯಲ್ಲಿ ಬೆಳ್ಳಗೆ ಚೂಪಾದ ಏನೋ ಒಂದು.

“ಅದೇನು?”

“ಗ್ವಾಲ್ತಿಯೆರೊ ಮೊನಾಕೊದಿಂದ ತಂದುಕೊಟ್ಟಿದ್ದು.”

“ಅಲ್ಲಿಯ ರಾಜಲಾಂಛನ,” ಎಂದಿತು ಹಿಂದಿನಿಂದ ಒಂದು ದನಿ. ಸರ್ವೇಯರ್ ಗ್ವಾಲ್ತಿಯೆರೊ ಮೀಸೆಯ ಸಮೇತ ಒಳಗೆ ಬಂದಿದ್ದ. “ಹೂಜೀಲಿರೋದು ಷಾಂಪೇನ್. ಕೈಲಿರೋದು ಬಿಳಿ ಹವಳ. ನಾನೇ ಸಮುದ್ರದಲ್ಲಿ ಮುಳುಗಿ ಅಂಥಾದ್ದನ್ನ ನೋಡಿದೀನಿ. ನೀನು ಹೋಗಿದೀಯೇನೋ ಹುಡುಗಾ? ಭೂಗೋಳ ಓದೋರು ನಕ್ಷೇಲೇ ನೋಡ್ಕೊಂಡು ಬಿಡ್ತಾರೆ, ಅಲ್ವಾ?”

ಹೇಳಬೇಕಾದ ಮಾತು ಗಂಟಲವರೆಗೆ ಬಂದದ್ದು ದಾರಿ ತಪ್ಪಿ ಬೇರೆಯೇ ಆಗಿ ಹೊರಬಿತ್ತು: “ನಾಳೇನೇ ಹೊರಟಿದೀನಿ. ಮೊದಲು ಮೊನಾಕೊ. ಅಲ್ಲಿಂದ ಇಡೀ ಯೂರೋಪು.”

ಒರ್ನೆಲ್ಲಾ ಅವನನ್ನು ಒಂದು ಗಳಿಗೆ ನೋಡಿ, ಡಬ್ಬಿ ತೆಗೆದು, ಸ್ಕ್ರೂ ಕೊಟ್ಟಳು.

ಬಾಯಿ ಮಾಡಿದ ತಪ್ಪಿಗೆ ಕಾಲು ದಂಡ ತೆರಬೇಕು. ಉಬಾಲ್ಡೊ ಫೋನಿನಲ್ಲಿ ಅತಿ ಅಗ್ಗದ ಬಸ್ಸು ಹುಡುಕಿದ. ಫೋನಿನ ಗಾಜು ಮೇಲಿಂದ ಕೆಳಗೆ ಉದ್ದಕ್ಕೆ ಒಡೆದಿತ್ತು. ಒಡಕಿನ ಎಡಕ್ಕೆ ‘ಮೊನಾಕೊ’ ಎಂದು ಸ್ಪಷ್ಟವಾಗಿ ಕಾಣುತ್ತಿತ್ತು. ಬಲಕ್ಕೆ ಇನ್ನೇನೋ ಇತ್ತು. ಅದು ಬಸ್ ನಿಲ್ದಾಣದ ಹೆಸರಿರಬೇಕೆಂದು ಅವನು ಗುಂಡಿ ಒತ್ತಿದ.

ಪೆಟ್ಟಿಗೆಗೆ ಬಿಳಿ ನಾರುಬಟ್ಟೆಯ ಷರಾಯಿ, ತೆಂಗಿನ ಮರಗಳ ಚಿತ್ರದ ಈಜುಚಡ್ಡಿ, ಹುಲ್ಲಿನ ಟೋಪಿ ತುಂಬಿಕೊಂಡು ಅಜ್ಜಿಗೆ ಹೇಳಿ ಹೊರಡಲು ಹೋದ. ಅಜ್ಜಿ ಅರ್ಜೆಂಟಿನಾಗೆ ಎಂಬತ್ತೊಂಬತ್ತು ವರ್ಷ. ಕಿವಿ ಮಂದ. ಆದರೆ ತನಗೆ ಕೇಳಿಸಿದ್ದೇ ಸತ್ಯವೆಂಬ ವಿಷಯದಲ್ಲಿ ಅವಳಿಗೆ ಯಾವ ಮಂದವೂ ಇರಲಿಲ್ಲ. ಉಬಾಲ್ಡೊನ ಬಾಯಲ್ಲಿ ಅರ್ಧ ರೊಟ್ಟಿಯಿತ್ತು.

“ಅಜ್ಜೀ, ಹೊರಟೆ! ಮೊನಾಕೊ!”

ಅಜ್ಜಿ ಹೆಣಿಗೆ ಕೆಳಗಿಟ್ಟಳು. “ಮೊನಾಕೊನಾ? ನೀನಾ?”

“ಹೂಂ! ನಾನೇ!”

“ಮತ್ತೆ ಎದುರುಮನೆ ಹುಡುಗಿ?”

“ಅವಳಿಂದಾನೇ ಅಜ್ಜಿ ಈ ನಿರ್ಧಾರ.”

ಅಜ್ಜಿಯ ಕಣ್ಣು ತುಂಬಿತು. ಕೊರಳಿನ ಜಪಸರ ತೆಗೆದು ಮೊಮ್ಮಗನ ಕೊರಳಿಗೆ ಹಾಕಿದಳು. “ನಮ್ಮ ವಂಶದಲ್ಲಿ ಯಾರೂ ಇಷ್ಟು ದೂರ ಹೋಗಿರಲಿಲ್ಲ ಕಣೋ.”

“ಬಸ್ಸಲ್ಲಿ ಆರೇಳು ಗಂಟೆ ಅಷ್ಟೇ ಅಜ್ಜಿ,” ಎಂದು ಉಬಾಲ್ಡೊ ಕೆನ್ನೆಗೆ ಮುತ್ತಿಟ್ಟು ಹೊರಟ.

ಬೊಲೋನ್ಯಾದಿಂದ ಬೆಳಿಗ್ಗೆ ಹೊರಟ ಬಸ್ಸಿನಲ್ಲಿ ಅವನು ಚೆನ್ನಾಗಿ ನಿದ್ದೆ ಮಾಡಿದ. ನಡುವೆ ಒಮ್ಮೆ ಕಣ್ಣು ಬಿಟ್ಟಾಗ ಕಿಟಕಿಯ ಹೊರಗೆ ಹಿಮದ ಬೆಟ್ಟಗಳು. ಕಡಲತಡಿಗೆ ಹೋಗುವ ದಾರಿಯಲ್ಲಿ ಹಿಮದ ಬೆಟ್ಟಗಳೇಕೆ ಎಂಬ ಪ್ರಶ್ನೆ ಭೂಗೋಳದ ವಿದ್ಯಾರ್ಥಿಗೆ ಬರಲೇಬೇಕಿತ್ತು. ಬಂತು. ‘ಬಹುಶಃ ಬಳಸುದಾರಿ’ ಎಂದುಕೊಂಡು ಅವನು ಮಗ್ಗುಲು ಬದಲಿಸಿದ.

ಇಳಿದಾಗ ಹಿಮ ಉದುರುತ್ತಿತ್ತು. ಬಿಳಿ ಷರಾಯಿ, ಹುಲ್ಲಿನ ಟೋಪಿ, ಕಪ್ಪು ಕನ್ನಡಕದ ಉಬಾಲ್ಡೊ ನಡುಗುತ್ತ ನಡೆದು, ಇಟಲಿಯ ಬಾವುಟ ಕಂಡ ಒಂದು ಐಸ್‌ಕ್ರೀಮ್ ಅಂಗಡಿಗೆ ನುಗ್ಗಿದ. ಅಲ್ಲಿ ತೂಲಿಯೊ ಎಂಬ ದಪ್ಪ ಮನುಷ್ಯ ಗಿರಾಕಿಗಳಿಲ್ಲದೆ ತಾನೇ ಒಂದು ಬಟ್ಟಲು ಪಿಸ್ತಾ ತಿನ್ನುತ್ತ ಕುಳಿತಿದ್ದ.

“ಅಣ್ಣಾ, ಸಮುದ್ರ ಎಲ್ಲಿ?”

ತೂಲಿಯೊ ಅವನನ್ನು ಟೋಪಿಯಿಂದ ಚಪ್ಪಲಿಯವರೆಗೆ ನೋಡಿ ಚಮಚ ಕೆಳಗಿಟ್ಟ. “ಯಾವುದು ಬೇಕು? ದಕ್ಷಿಣದ್ದು ಐನೂರು ಕಿಲೋಮೀಟರ್. ಉತ್ತರದ್ದು ಎಂಟುನೂರು. ನಡ್ಕೊಂಡು ಹೋಗ್ತೀಯೋ?”

“ಇದು ಮೊನಾಕೊ ತಾನೇ?”

“ಅಲ್ಲಾಂತ ಯಾರಂದ್ರು? ಬವೇರಿಯಾದ ಮೊನಾಕೊ. ಈ ಜನ ಮ್ಯೂನಿಕ್ ಅಂತಾರೆ, ನಾವು ಮೊನಾಕೊ ಅಂತೀವಿ. ಕೂತ್ಕೋ ಮಗಾ, ಅಳಬೇಡ. ನಿನ್ನಂಥೋನು ವರ್ಷಕ್ಕೊಬ್ಬ ಬಂದೇ ಬರ್ತಾನೆ. ಹೋದ ವರ್ಷ ಬಂದವನು ನೀರೊಳಗೆ ಮುಳುಗೋ ಕನ್ನಡಕ ಹಾಕ್ಕೊಂಡೇ ಇಳಿದಿದ್ದ. ಇದೇ ಕುರ್ಚಿ ಮೇಲೆ ಕೂತು ಅತ್ತ. ಮೀಸೆ ಪೂರ್ತಿ ಒದ್ದೆ.”

ಉಬಾಲ್ಡೊಗೆ ಆಗ ಮೀಸೆಯ ಬಗ್ಗೆ ಯೋಚಿಸುವ ತ್ರಾಣವಿರಲಿಲ್ಲ. ವಾಪಸು ಟಿಕೆಟ್ಟು ಇದ್ದದ್ದು ಮುಂದಿನ ಬುಧವಾರಕ್ಕೆ. ನಡುವೆ ಇರಲು ಒಂದು ಯಾತ್ರಿನಿವಾಸದಲ್ಲಿ ಮಂಚ ಸಿಕ್ಕಿತು. ಬೆಚ್ಚನೆಯ ಬಟ್ಟೆಗೆಂದು ತೂಲಿಯೊ ಅವನನ್ನು ಪಕ್ಕದ ಚರ್ಚಿನ ಹಳೇಬಟ್ಟೆ ಮಾರಾಟಕ್ಕೆ ಕರೆದೊಯ್ದ. ಅವನ ಅಳತೆಗೆ ಸಿಕ್ಕಿದ್ದು ಒಂದೇ: ಯಾವುದೋ ಅಜ್ಜನ ಕಂದುಬಣ್ಣದ ಉಣ್ಣೆ ನಿಲುವಂಗಿ. ಹಿಂದೆ ಟೊಪ್ಪಿಗೆ, ಸೊಂಟಕ್ಕೆ ಹಗ್ಗ. ಅದೇ ದಿನ ನಿವಾಸದ ಯಂತ್ರದಲ್ಲಿ ಒಣಗಲು ಹಾಕಿದ ಬಿಳಿ ಷರಾಯಿ ಐದು ವರ್ಷದ ಮಗುವಿನ ಅಳತೆಗೆ ಇಳಿದು ಹೊರಬಂತು. ಉಳಿದದ್ದು ಈಜುಚಡ್ಡಿ. ಅದರ ಮೇಲೆ ನಿಲುವಂಗಿ.

ಈಗ ಸೆರ್ರಾಪೊಂಟೆಯ ಕಡೆ ಸ್ವಲ್ಪ ನೋಡಬೇಕು. ಅಜ್ಜಿ ಅರ್ಜೆಂಟಿನಾ ಸುದ್ದಿಯನ್ನು ಮಗಳಿಗೆ, ಅಂದರೆ ಉಬಾಲ್ಡೊನ ತಾಯಿ ನಾರ್ಚೀಸಾಗೆ, ಹೇಳಿದಳು. ನಾರ್ಚೀಸಾ ಬೂಟಿನ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದವಳು. ಅವಳು ಒಂದು ಬೂಟಿಗೆ ಎರಡು ಅಟ್ಟೆ ಹೊಲಿದು, ಅಳುತ್ತ ಪಾದ್ರಿ ಸೆತ್ತಿಮಿಯೊ ಬಳಿಗೆ ಓಡಿದಳು. ಪಾದ್ರಿಗಳು ನಲವತ್ತು ವರ್ಷಗಳಿಂದ ಈ ಊರಿನಿಂದ ಒಬ್ಬನಾದರೂ ದೇವರ ಸೇವೆಗೆ ಹೊರಡಲಿ ಎಂದು ಕಾದವರು. ಆನಂದದಿಂದ ಅವರೇ ಗಂಟೆ ಬಾರಿಸಿದರು. ಗಂಟೆ ಕೇಳಿ ಬೆಂಕಿ ಬಿದ್ದಿದೆಯೆಂದು ಓಡಿಬಂದವರೆಲ್ಲ ಒರ್ಫೆಯೊನ ಕಾಫಿ ಅಂಗಡಿಯಲ್ಲಿ ಸೇರಿದರು. ಒರ್ಫೆಯೊ ಹೇಳಿದ: “ನನ್ನತ್ರ ಸಮುದ್ರ ನೋಡೋಕೆ ಹೋಗ್ತೀನಿ ಅಂದ. ನಾನಂದೆ, ಸಮುದ್ರ ಬೇಕಾದ್ರೆ ಇಪ್ಪತ್ತು ಕಿಲೋಮೀಟರ್ ಕೆಳಗೇ ಇದೆಯಲ್ಲೋ ಅಂತ. ನಕ್ಕುಬಿಟ್ಟ. ಈಗ ಗೊತ್ತಾಯ್ತು. ಅದು ಅಧ್ಯಾತ್ಮದ ಸಮುದ್ರ!”

ಮಂಗಳವಾರ ನಾರ್ಚೀಸಾ ಆ ಅಂಗಡಿಯಿಂದಲೇ ಮಗನಿಗೆ ಫೋನು ಮಾಡಿದಳು. ಅರ್ಧ ಊರು ಉಸಿರು ಹಿಡಿದು ಕೇಳುತ್ತಿತ್ತು.

“ಮಗಾ, ತಲುಪಿದ್ಯಾ?”

“ತಲುಪಿದೆ ಅಮ್ಮಾ.” ಉಬಾಲ್ಡೊ ಹಿಂದಿನ ರಾತ್ರಿಯೇ ಒಂದು ಶಪಥ ಮಾಡಿದ್ದ. ಸುಳ್ಳು ಹೇಳಕೂಡದು, ನಿಜ ಬಾಯಿಬಿಡಕೂಡದು. “ಮೊನಾಕೊ. ನೂರಕ್ಕೆ ನೂರು ಮೊನಾಕೊ.”

“ಅಯ್ಯೋ ದೇವರೇ. ತಲೆ ಬೋಳಿಸಿದ್ರಾ?”

“ಅದನ್ನ ಮಾಡದೆ ಬಿಡ್ತಾರಾ ಅಮ್ಮಾ? ಬಂದ ಮೊದಲ ದಿನಾನೇ ಬೋಳಿಸಿದ್ರು. ಒಂದು ಸೂಪಿಗೆ ಎಷ್ಟು ತಗೊಂಡ್ರು ಗೊತ್ತಾ?”

ನಾರ್ಚೀಸಾ ಬಿಕ್ಕಿದಳು. ಪಾದ್ರಿಗಳು ಶಿಲುಬೆಯ ಗುರುತು ಮಾಡಿಕೊಂಡರು.

“ಮಲಗೋದು ಎಲ್ಲಿ ಕಂದಾ?”

“ಒಂದು ಕೋಣೇಲಿ ಎಂಟು ಜನ. ಎಲ್ಲಾ ಗಂಡಸರೇ. ಹತ್ತು ಗಂಟೆಗೆ ದೀಪ ಆರಿಸ್ತಾರೆ. ಆಮೇಲೆ ಮಾತಾಡಂಗಿಲ್ಲ.”

“ಅಭ್ಯಾಸ ಆಗುತ್ತೆ ಅಂತ ಹೇಳಮ್ಮ,” ಎಂದು ಪಾದ್ರಿಗಳು ಪಿಸುಗುಟ್ಟಿದರು.

ಆಮೇಲೆ ಚಿತ್ರಗಳು ಬರತೊಡಗಿದವು. ಬಂದದ್ದು ಬಂದೆ, ಯೂರೋಪು ನೋಡಿಯೇಬಿಡೋಣ ಎಂದು ಉಬಾಲ್ಡೊ ದಿನಕ್ಕೊಂದು ಊರಿನಂತೆ ಸುತ್ತಿದ. ಆಗ್ಸ್‌ಬರ್ಗ್, ರೇಗನ್ಸ್‌ಬರ್ಗ್, ಗಡಿಯಾಚೆಯ ಸಾಲ್ಜ್‌ಬರ್ಗ್. ಆ ಚಳಿಯಲ್ಲಿ ಬಿಟ್ಟಿಯಾಗಿ ಒಳಗೆ ಬಿಡುವ, ಗಾಳಿ ನುಗ್ಗದ ಪ್ರೇಕ್ಷಣೀಯ ಸ್ಥಳವೆಂದರೆ ಚರ್ಚು ಒಂದೇ. ಹೀಗಾಗಿ ಅವನ ಎಲ್ಲ ಚಿತ್ರಗಳೂ ಚರ್ಚಿನವೇ. ಕಂಬದ ಪಕ್ಕ ನಿಲುವಂಗಿಯ ಉಬಾಲ್ಡೊ. ಮೇಣದ ಬತ್ತಿಗಳ ಮುಂದೆ ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದ ಉಬಾಲ್ಡೊ. ಊರಿಗೆ ಅದು ಕೈಮುಗಿದಂತೆ ಕಂಡಿತು. ಸಾಲ್ಜ್‌ಬರ್ಗಿನ ಚರ್ಚಿನ ಬೆಂಚಿನ ಮೇಲೆ ತಲೆ ತಗ್ಗಿಸಿ ತೂಕಡಿಸುತ್ತಿದ್ದವನನ್ನು ಯಾರೋ ಪ್ರವಾಸಿಗರು ಅವನ ಫೋನಿನಲ್ಲೇ ತೆಗೆದ ಚಿತ್ರಕ್ಕಂತೂ ಮೇಯರಮ್ಮ ಚೌಕಟ್ಟು ಹಾಕಿಸಿ ಪುರಸಭೆಯ ಬಾಗಿಲಲ್ಲಿ ತೂಗುಹಾಕಿದರು.

“ಎಷ್ಟು ದಿನ ಆಯ್ತು? ಮೂರು. ಆಗಲೇ ಸಮಾಧಿ ಸ್ಥಿತಿ!” ಎಂದ ಒರ್ಫೆಯೊ.

ಗುರುವಾರ ಬಂದ ಒಂದು ಚಿತ್ರದಲ್ಲಿ ಮಾತ್ರ ಅವನಿರಲಿಲ್ಲ. ಮ್ಯೂನಿಕ್ಕಿನ ಬೀದಿಯ ಚರಂಡಿ ಗುಂಡಿಯ ಕಬ್ಬಿಣದ ಮುಚ್ಚಳ, ಅದರ ಮೇಲೆ ಅಚ್ಚೊತ್ತಿದ ಮುಸುಕಿನ ಪುಟ್ಟ ಸನ್ಯಾಸಿ. ‘ಇಲ್ಲಿ ಎಲ್ಲೆಲ್ಲೂ ಇವನೇ’ ಎಂದು ಉಬಾಲ್ಡೊ ಬರೆದಿದ್ದ. ಚಿತ್ರ ನೋಡಿ ಗ್ವಾಲ್ತಿಯೆರೊನ ಕಾಫಿ ಅಡ್ಡದಾರಿ ಹಿಡಿಯಿತು. ಕೆಮ್ಮಿ ಸಾವರಿಸಿಕೊಂಡು ಅವನು ಫೋನನ್ನು ಬೋರಲು ಹಾಕಿದ. “ಮಠದ ಮುದ್ರೆ ಇದು! ಸಂಶಯವೇ ಇಲ್ಲ, ಹುಡುಗ ಸನ್ಯಾಸಿ ಆಗಿದಾನೆ. ಒರ್ನೆಲ್ಲಾಗೆ ಇದನ್ನೆಲ್ಲ ತೋರಿಸಬೇಡಿ, ಪಾಪ ನೊಂದ್ಕೋತಾಳೆ.”

ಅವನಿಗೆ ಆ ಹುಡುಗಿಯ ಮೇಲೆ ಅಷ್ಟು ಕರುಣೆಯಿದ್ದದ್ದು ಯಾರಿಗೂ ಗೊತ್ತಿರಲಿಲ್ಲ.

ಶುಕ್ರವಾರ ಉಬಾಲ್ಡೊಗೆ ಒರ್ನೆಲ್ಲಾಳಿಂದ ಒಂದು ಸಂದೇಶ ಬಂತು: ‘ನಿನ್ನ ದಾರಿ ನೀನು ಹುಡುಕಿಕೊಂಡೆ. ಒಳ್ಳೆಯದಾಗಲಿ. ನನಗೂ ಹೇಳಬಹುದಿತ್ತು.’

ಉಬಾಲ್ಡೊ ಅದನ್ನು ಹದಿನೇಳು ಸಲ ಓದಿ ತೂಲಿಯೊಗೆ ತೋರಿಸಿದ.

“ಮುಗೀತು ಕಣೋ,” ಎಂದ ತೂಲಿಯೊ. “ಹೆಂಗಸರು ‘ಒಳ್ಳೆಯದಾಗಲಿ’ ಅಂದ್ರೆ ಅದು ತಿಥಿ ಊಟ. ಯಾವತ್ತು ಉತ್ತರ ಕೊಡ್ತಾಳೆ ಅಂದೆ?”

“ಸೋಮವಾರ.”

“ಸೋಮವಾರದವರೆಗೂ ಯಾವ ಬಸ್ಸಲ್ಲೂ ಸೀಟಿಲ್ಲ. ಈಸ್ಟರು!”

ಶನಿವಾರ ಉಬಾಲ್ಡೊ ನೊಂದ ಮನಸ್ಸಿನಿಂದ ತರಕಾರಿ ಮಾರುಕಟ್ಟೆಯಲ್ಲಿ ಅಲೆಯುತ್ತಿದ್ದ. ಒಂದು ಅಂಗಡಿಯಲ್ಲಿ ಸಾಲಾಗಿ ಪಿಂಗಾಣಿ ಲೋಟಗಳು. ಕಪ್ಪು ಹಳದಿ ಅಂಗಿ, ಟೊಪ್ಪಿಗೆ, ಕೈಯಲ್ಲಿ ಹೂಜಿ. ಒರ್ನೆಲ್ಲಾಳ ಗಲ್ಲಾಪೆಟ್ಟಿಗೆಯ ಪಕ್ಕ ಕೂತಿದ್ದ ಅದೇ ಲೋಟ! ಉಬಾಲ್ಡೊ ತೂಲಿಯೊನ ತೋಳು ಹಿಡಿದೆಳೆದು ತಂದ.

“ಅಣ್ಣಾ, ಇದು ಕಡಲ ಮೊನಾಕೊದ ರಾಜಲಾಂಛನ ಅಲ್ವಾ?”

“ರಾಜನೂ ಇಲ್ಲ ರಾಣೀನೂ ಇಲ್ಲ. ಈ ಊರಿನ ಸನ್ಯಾಸಿ ಮರಿ ಅದು. ಹೂಜೀಲಿರೋದು ಬಿಯರು.”

“ಇನ್ನೊಂದು ಕೈಲಿರೋದು?”

ತೂಲಿಯೊ ಪಕ್ಕದ ತರಕಾರಿ ಅಂಗಡಿಯತ್ತ ಬೆರಳು ತೋರಿಸಿದ. ಅಲ್ಲಿ ಮೊಳದುದ್ದದ, ಬೆಳ್ಳಗೆ ಮಿರುಗುವ, ತುದಿ ಚೂಪಾದ ಹವಳಗಳು ರಾಶಿ ರಾಶಿ ಬಿದ್ದಿದ್ದವು.

“ಮೂಲಂಗಿ,” ಎಂದ ತೂಲಿಯೊ. “ಬಿಯರ್ ಜೊತೆ ಉಪ್ಪು ಹಚ್ಚಿ ತಿಂತಾರೆ. ಹೋದ ವರ್ಷದ ಆ ಮೀಸೆಯವನೂ ಇದೇ ಲೋಟ ತಗೊಂಡು ಹೋದ. ಅದ್ಯಾಕೋ ಹಂಗೆ ಬಾಯಿ ಬಿಟ್ಕೊಂಡು ನಿಂತೆ?”

ಉಬಾಲ್ಡೊ ಬಾಯಿ ಮುಚ್ಚಿದ. ಎಲ್ಲಕ್ಕಿಂತ ದೊಡ್ಡ ಮೂಲಂಗಿಯನ್ನು ಆರಿಸಿ ಎದೆಗವಚಿಕೊಂಡ. “ಅಣ್ಣಾ, ನಡ್ಕೊಂಡಾದ್ರೂ ಸೋಮವಾರ ಊರು ಸೇರ್ಬೇಕು ನಾನು.”

ತೂಲಿಯೊನ ಬಾವಮೈದ ಯಾತ್ರೆಯ ಬಸ್ಸು ಓಡಿಸುತ್ತಿದ್ದ. ಸೋಮವಾರ ನಸುಕಿಗೆ ಆ ಬಸ್ಸು ಬವೇರಿಯಾದ ನಲವತ್ತು ಭಕ್ತರನ್ನು ಹೊತ್ತು ಲೊರೇಟೊದ ಮಾತೆಯ ದರ್ಶನಕ್ಕೆ ಹೊರಡುವುದಿತ್ತು. ಲೊರೇಟೊಗೆ ಹೋಗುವ ದಾರಿಯಲ್ಲೇ ಸೆರ್ರಾಪೊಂಟೆ. ನಿಲುವಂಗಿ, ಜಪಸರದ ಉಬಾಲ್ಡೊನನ್ನು ಕಂಡು ಭಕ್ತರು ಮುಂದಿನ ಸೀಟು ಬಿಟ್ಟುಕೊಟ್ಟರು, ಬೇಯಿಸಿದ ಮೊಟ್ಟೆ ಕೊಟ್ಟರು. ಒಬ್ಬ ಅಜ್ಜಿ ಕೈಗೆ ಮುತ್ತಿಟ್ಟಳು. ಅವನಿಗೆ ಜರ್ಮನ್ ಬಾರದು. ಬಂದಿದ್ದರೂ ಏನು ಹೇಳುತ್ತಿದ್ದನೋ.

ಮಧ್ಯಾಹ್ನ ಮೂರರ ಹೊತ್ತಿಗೆ ಸೆರ್ರಾಪೊಂಟೆಯ ಮೇಲಿನ ಹುಲ್ಲುಗಾವಲಿನಲ್ಲಿ ಇಡೀ ಊರು ವನಭೋಜನಕ್ಕೆ ಕುಳಿತಿತ್ತು. ಕುರಿಮಾಂಸ ಕೆಂಡದ ಮೇಲಿತ್ತು. ಮಕ್ಕಳು ಮೊಟ್ಟೆಗೆ ಮೊಟ್ಟೆ ಗುದ್ದಿಸಿ ಯಾರದು ಒಡೆಯಿತೆಂದು ಜಗಳವಾಡುತ್ತಿದ್ದರು. ಒರ್ನೆಲ್ಲಾ ಹಾಸಿದ ಬಟ್ಟೆಯ ಮೇಲೆ ಆ ಪಿಂಗಾಣಿ ಲೋಟದಲ್ಲಿ ಕಾಡುಹೂ ಇಟ್ಟುಕೊಂಡು ಕೂತಿದ್ದಳು. ಗ್ವಾಲ್ತಿಯೆರೊ ಮೀಸೆ ಬಾಚಿಕೊಂಡು ಎದ್ದು ನಿಂತ. “ಹಂಗಾದ್ರೆ ಒರ್ನೆಲ್ಲಾ, ಎಲ್ಲರ ಮುಂದೆ...”

ಆಗಲೇ ದೊಡ್ಡದೊಂದು ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು. ಒಳಗಿಂದ ನಲವತ್ತು ಕಂಠಗಳ ಭಕ್ತಿಗೀತೆ ಹೊರಬಂತು, ಅದರ ಮುಂದೆ ಟೊಪ್ಪಿಗೆ ಹೊದ್ದ ಉಬಾಲ್ಡೊ ಇಳಿದ.

“ಶಿಷ್ಯರ ಸಮೇತ ಬಂದಿದಾನೆ!” ಎಂದು ಒರ್ಫೆಯೊ ಕೂಗಿದ.

ನಾರ್ಚೀಸಾ ಓಡಿಬಂದು ಮಗನ ಟೊಪ್ಪಿಗೆ ಸರಿಸಿ ತಲೆ ಸವರಿದಳು. “ಕೂದಲು ಇದೆ! ಇಷ್ಟು ಬೇಗ ಬೆಳೀತಾ?” ಪಾದ್ರಿಗಳು ತೋಳು ಚಾಚಿದರು. ಮೇಯರಮ್ಮ ಜೇಬಿನಿಂದ ಭಾಷಣ ತೆಗೆದರು. “ನಮ್ಮೂರಿನ ಸುಪುತ್ರ, ಪೂಜ್ಯ ಸೋದರ ಉಬಾಲ್ಡೊ ಅವರೇ...”

“ಯಾರು ಪೂಜ್ಯ?” ಎಂದ ಉಬಾಲ್ಡೊ.

“ನೀವೇ ಸ್ವಾಮಿ. ಮೊನಾಕೊ ಆದ್ರಲ್ಲ!”

ಉಬಾಲ್ಡೊ ಅಮ್ಮನ ಮುಖ ನೋಡಿದ, ಕೊರಳಿನ ಜಪಸರ ನೋಡಿಕೊಂಡ, ಒರ್ನೆಲ್ಲಾಳ ಕೆಂಪಾದ ಕಣ್ಣು ನೋಡಿದ. ವಾರದ ಲೆಕ್ಕವೆಲ್ಲ ಒಮ್ಮೆಗೇ ತಾಳೆಯಾಯಿತು. ಇಲ್ಲಿ ಅವನಿಗೊಂದು ಸುಲಭದ ದಾರಿಯಿತ್ತೆಂಬುದನ್ನು ಒಪ್ಪಬೇಕು. ದೇವರ ಸೇವೆಗೆ ಹೊರಟವನು ಒಂದು ಹುಡುಗಿಗಾಗಿ ಹಿಂದಿರುಗಿದನೆಂದರೆ ಊರು ನೂರು ವರ್ಷ ಕೊಂಡಾಡುತ್ತಿತ್ತು. ದಡ್ಡನೊಬ್ಬ ತಪ್ಪು ಬಸ್ಸು ಹತ್ತಿದನೆಂದರೆ ನಗುವುದಕ್ಕೂ ನೂರು ವರ್ಷವೇ.

“ನಾನು ಸನ್ಯಾಸಿ ಆಗಿಲ್ಲ,” ಎಂದ.

“ಅದು ವಿನಯ,” ಎಂದರು ಪಾದ್ರಿಗಳು.

“ಇಲ್ಲ ಪಾದ್ರಿಗಳೇ, ನೋಡಿ!” ಎಂದು ಅವನು ಸೊಂಟದ ಹಗ್ಗ ಬಿಚ್ಚಿ ನಿಲುವಂಗಿ ತೆರೆದ.

ಕೆಂಪು ಸೂರ್ಯನ ಕೆಳಗೆ ಹಸಿರು ತೆಂಗಿನ ಮರಗಳು ಆ ಈಜುಚಡ್ಡಿಯ ತುಂಬ ತೂಗುತ್ತಿದ್ದವು. ಬಸ್ಸಿನೊಳಗೆ ಭಕ್ತಿಗೀತೆ ನಿಂತಿತು. ಪಾದ್ರಿಗಳು ಚಾಚಿದ ತೋಳುಗಳನ್ನು ಒಂದೊಂದಾಗಿ ಕೆಳಗಿಳಿಸಿದರು.

“ನಾನು ಹೊರಟಿದ್ದು ಕಡಲಿನ ಮೊನಾಕೊಗೆ. ತಪ್ಪು ಬಸ್ಸು ಹತ್ತಿದೆ. ಇಳಿದಿದ್ದು ಜರ್ಮನಿಯ ಮೊನಾಕೊಲಿ. ಅಲ್ಲಿ ಸಮುದ್ರ ಇಲ್ಲ, ಹಿಮ ಇದೆ. ಹೇಳೋಕೆ ನಾಚಿಕೆ ಆಗಿ ಸುಮ್ನಿದ್ದೆ. ಅಷ್ಟೇ.”

“ಭೂಗೋಳ!” ಎಂದು ಗ್ವಾಲ್ತಿಯೆರೊ ಹೊಟ್ಟೆ ಹಿಡಿದು ನಕ್ಕ. “ಕೇಳಿದ್ರಾ? ಭೂಗೋಳ ಓದ್ತಾನಂತೆ!”

ಊರೂ ನಕ್ಕಿತು. ನಗದವಳು ಒರ್ನೆಲ್ಲಾ ಒಬ್ಬಳೇ. ಉಬಾಲ್ಡೊ ಅವಳ ಮುಂದೆ ಮಂಡಿಯೂರಿ ನಿಲುವಂಗಿಯ ಒಳಜೇಬಿನಿಂದ ಮೂಲಂಗಿ ತೆಗೆದು ಹಾಸಿದ ಬಟ್ಟೆಯ ಮೇಲೆ, ಲೋಟದ ಪಕ್ಕದಲ್ಲಿಟ್ಟ. “ಅಲ್ಲಿಂದ ನಿನಗೆ ಅಂತ ತಂದೆ,” ಎಂದಷ್ಟೇ ಹೇಳಿದ.

ಒರ್ನೆಲ್ಲಾ ಮೂಲಂಗಿಯನ್ನು ನೋಡಿದಳು. ಲೋಟದ ಸನ್ಯಾಸಿ ಮರಿಯನ್ನು ನೋಡಿದಳು. ಮತ್ತೆ ಮೂಲಂಗಿ. ಕಬ್ಬಿಣದಂಗಡಿಯವಳು. ಯಾವ ತುದಿ ಯಾವ ತೂತಿಗೆ ಕೂರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಇದನ್ನ ಹೆಂಗೆ ತಿಂತಾರೆ?”

“ಉಪ್ಪು ಹಚ್ಚಿ.”

ಅವಳು ಚಾಕು ತೆಗೆದು ತೆಳ್ಳಗೆ ಒಂದು ಬಿಲ್ಲೆ ಕೊಯ್ದು ಉಪ್ಪು ಸವರಿ, ಇನ್ನೂ ನಗುತ್ತಿದ್ದ ಗ್ವಾಲ್ತಿಯೆರೊನ ಕಡೆ ಚಾಚಿದಳು.

“ತಗೊಳ್ಳಿ,” ಎಂದಳು. “ಹವಳ.”

ನಗೆ ಗ್ವಾಲ್ತಿಯೆರೊನ ಮೀಸೆಯ ಕೆಳಗೇ ಸತ್ತುಹೋಯಿತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದೆಂದು ಅವನು ಬಿಲ್ಲೆ ಬಾಯಿಗೆ ಹಾಕಿಕೊಂಡ. ಮೂಲಂಗಿ ಖಾರವಾಗಿತ್ತು. “ಧೂಳು,” ಎಂದು ಕಣ್ಣೊರೆಸಿಕೊಳ್ಳುತ್ತ ತನ್ನ ಕಾರಿನ ಕಡೆ ನಡೆದ. ಹಿಂದಿನಿಂದ ಒರ್ಫೆಯೊ ಕೂಗಿದ: “ಸರ್ವೇಯರ್ ಸಾಹೇಬ್ರೇ, ಮನೆಗೆ ಎಡಕ್ಕೆ ತಿರುಗಬೇಕು! ನೇರ ಹೋದ್ರೆ ಜರ್ಮನಿ!”

ಒರ್ನೆಲ್ಲಾ ಚಾಕು ಒರೆಸಿ ಉಬಾಲ್ಡೊನ ಕಡೆ ತಿರುಗಿದಳು. “ಅವರಿಗೆ ಉತ್ತರ ಆಯ್ತು. ನೀನು ಏನೋ ಹೇಳೋದಿತ್ತಲ್ಲ? ಸ್ಕ್ರೂ ಅಂದ್ರೆ ಇದೇ ಚಾಕು ನೋಡು.”

ಊರೆಲ್ಲ ನೋಡುತ್ತಿತ್ತು, ಬಸ್ಸಿನ ಕಿಟಕಿಗಳಲ್ಲಿ ನಲವತ್ತು ಜರ್ಮನರು ಇಣುಕುತ್ತಿದ್ದರು. ತೆಂಗಿನ ಮರಗಳ ಚಡ್ಡಿಯ ಉಬಾಲ್ಡೊ ಕಣ್ಣು ಮುಚ್ಚಿಕೊಂಡು ಗಂಟಲು ಹರಿಯುವಂತೆ ಕೂಗಿದ: “ಒರ್ನೆಲ್ಲಾ, ನೀನಂದ್ರೆ ನಂಗೆ ಇಷ್ಟ! ಎರಡು ವರ್ಷದಿಂದ!”

ಆ ಕೂಗು ಮಡಿಚುವ ಕುರ್ಚಿಯ ಮೇಲೆ ತೂಕಡಿಸುತ್ತಿದ್ದ ಅಜ್ಜಿ ಅರ್ಜೆಂಟಿನಾಗೂ ಕೇಳಿಸಿತು. ಹತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಒಂದಕ್ಷರವೂ ತಪ್ಪದೆ ಕೇಳಿಸಿತು. ಅವಳು ಕಣ್ಣು ಬಿಟ್ಟು ಮೊಮ್ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಇಷ್ಟು ಹೇಳೋದಕ್ಕಾ ಅಷ್ಟು ದೂರ ಹೋದೆ?” ಎಂದಳು. “ಅಂಗಡಿ ಮನೆ ಎದುರಿಗೇ ಇತ್ತಲ್ಲೋ, ಮಂಕೇ!”